ಮಂಡಿ ತಪ್ಪಿದರೆ ಮೊದಲು ಪಾದ ನೋಡಿ

ಊರಹಬ್ಬದ ಹೊನಲು ಬೆಳಕಿನ ಕಬಡ್ಡಿ. ರೈಡ್‌ಗೆ ಹೋದ ಹುಡುಗ ಗೆರೆಯ ಕಡೆ ತಿರುಗಿದ. ಪಾದ ಮ್ಯಾಟ್‌ ಮೇಲೆ ಹಿಡಿದುಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿ ಹಿಡಿದುಕೊಂಡು ಕುಸಿದ. ಕ್ಷಣದಲ್ಲಿ ಸುತ್ತ ಇಪ್ಪತ್ತು ಜನ. ‘ಕಾಲು ಎಳೀರಿ, ಕೂತ್ಕೊಳ್ಳುತ್ತೆ’ ಎಂದರು ಒಬ್ಬರು. ಇನ್ನೊಬ್ಬರು ಸ್ಪ್ರೇ ಹೊಡೆದರು. ಮತ್ತೊಬ್ಬರು ಎಣ್ಣೆ ತರಲು ಓಡಿದರು. ಎಲ್ಲರ ಕಣ್ಣೂ ಮಂಡಿಯ ಮೇಲೆ. ಪಾದವನ್ನು ಯಾರೂ ಮುಟ್ಟಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಪುಣ್ಯಕ್ಕೆ ಅವನದು ಮಂಡಿಚಿಪ್ಪು ಜಾರಿದ್ದು. ಆಸ್ಪತ್ರೆಯಲ್ಲಿ ಸರಿಹೋಯಿತು. ಅದರ ಬದಲು ಇಡೀ ಕೀಲೇ ತಪ್ಪಿದ್ದರೆ, ನಾವು ಕಳೆದ ಆ ಹೊತ್ತು ಅವನ ಕಾಲಿಗೇ ಮುಳುವಾಗಬಹುದಿತ್ತು ಎಂದು ಆಮೇಲೆ ಗೊತ್ತಾಯಿತು. ಅಂಥ ಜಾಗದಲ್ಲಿ ನೀವಿದ್ದರೆ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಚಿಪ್ಪು ಜಾರಿದ್ದೋ, ಕೀಲು ತಪ್ಪಿದ್ದೋ?

ನಮ್ಮಲ್ಲಿ ಎರಡಕ್ಕೂ ‘ಮಂಡಿ ತಪ್ಪಿದೆ’, ‘ಜಾಯಿಂಟ್ ಬಿಟ್ಟಿದೆ’ ಎಂದೇ ಹೇಳುತ್ತೇವೆ. ಆದರೆ ಇವು ಬೇರೆ ಬೇರೆ ಪೆಟ್ಟುಗಳು.

ಮೊದಲನೆಯದು ಮಂಡಿಚಿಪ್ಪು ಜಾರುವುದು. ಚಿಪ್ಪು ತೊಡೆ ಮೂಳೆಯ ತುದಿಯಲ್ಲಿರುವ ಒಂದು ಕಾಲುವೆಯಂಥ ತಗ್ಗಿನಲ್ಲಿ ಮೇಲೆ ಕೆಳಗೆ ಜಾರುತ್ತಿರುತ್ತದೆ. ಕಾಲು ತಿರುಚಿದಾಗ ಅದು ಆ ತಗ್ಗು ಬಿಟ್ಟು ಹೊರಗೆ ಬರುತ್ತದೆ. ಹೆಚ್ಚುಕಡಿಮೆ ಯಾವಾಗಲೂ ಹೊರಮಗ್ಗುಲಿಗೇ. ಹದಿಹರೆಯದವರಲ್ಲಿ, ಆಟಗಾರರಲ್ಲಿ, ಕುಣಿಯುವವರಲ್ಲಿ ಇದು ಜಾಸ್ತಿ. ಮಂಡಿ ಅರ್ಧ ಮಡಚಿಕೊಂಡಿರುತ್ತದೆ, ನೀಡಲು ಆಗುವುದಿಲ್ಲ. ಹೊರಮಗ್ಗುಲಲ್ಲಿ ಗಟ್ಟಿ ಉಬ್ಬು, ಚಿಪ್ಪು ಇರಬೇಕಾದ ಕಡೆ ತಗ್ಗು. ಎಷ್ಟೋ ಸಲ ಕಾಲು ನೀಡುತ್ತಿದ್ದಂತೆ ಚಿಪ್ಪು ತಾನಾಗಿಯೇ ಜಾಗಕ್ಕೆ ಕೂರುತ್ತದೆ. ಆಮೇಲೆ ಊತ ಉಳಿಯುತ್ತದೆ.

ಎರಡನೆಯದು ಇಡೀ ಮಂಡಿ ಕೀಲು ತಪ್ಪುವುದು. ತೊಡೆ ಮೂಳೆ ಮತ್ತು ಮೊಣಕಾಲ ಕೆಳಗಿನ ದೊಡ್ಡ ಮೂಳೆ ಒಂದನ್ನೊಂದು ಬಿಟ್ಟು ಸರಿಯುತ್ತವೆ. ಮಂಡಿಯನ್ನು ಕಟ್ಟಿ ಹಿಡಿದಿರುವ ನಾಲ್ಕು ಮುಖ್ಯ ಲಿಗಮೆಂಟುಗಳಲ್ಲಿ ಎರಡೋ ಮೂರೋ ಹರಿಯದೆ ಇದು ಸಾಮಾನ್ಯವಾಗಿ ಆಗುವುದಿಲ್ಲ. ಬೈಕ್ ಅಪಘಾತ, ಕಾರಿನ ಡ್ಯಾಶ್‌ಬೋರ್ಡ್‌ಗೆ ಮಂಡಿ ಬಡಿಯುವುದು, ಮರದಿಂದ ಬೀಳುವುದು ಇದಕ್ಕೆ ಕಾರಣ. ತುಂಬ ದಪ್ಪ ಇರುವವರಲ್ಲಿ ಮನೆ ಮೆಟ್ಟಿಲಲ್ಲಿ ಕಾಲು ಜಾರಿದರೂ ಆಗಬಹುದು. ಇದು ಅಪರೂಪ. ಆದರೆ ಆಗಿಬಿಟ್ಟರೆ ಬಹಳ ಅಪಾಯ.

ಅಪಾಯ ಇರುವುದು ಮಂಡಿಯ ಹಿಂದೆ. ಕಾಲಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಅಲ್ಲೇ ಹಾದುಹೋಗುತ್ತದೆ. ಮಂಡಿಯ ಮೇಲೂ ಕೆಳಗೂ ಅದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಮೂಳೆ ಸರಿದಾಗ ತಪ್ಪಿಸಿಕೊಳ್ಳಲು ಜಾಗವಿಲ್ಲ. ಜಗ್ಗುತ್ತದೆ, ಒಳಗೇ ಹರಿಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಸುಮಾರು 6 ಗಂಟೆಯೊಳಗೆ ರಕ್ತ ಮತ್ತೆ ಹರಿಯದಿದ್ದರೆ ಮಾಂಸಖಂಡ ಸಾಯತೊಡಗುತ್ತದೆ. 8 ಗಂಟೆ ದಾಟಿದರೆ ಕಾಲು ಕತ್ತರಿಸಬೇಕಾಗುವ ಸಂಭವ ಬಹಳ ಹೆಚ್ಚುತ್ತದೆ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಹೀಗೆ ತಪ್ಪಿದ ಮಂಡಿಗಳಲ್ಲಿ ಅರ್ಧದವರೆಗೂ ಆಸ್ಪತ್ರೆ ಮುಟ್ಟುವ ಮೊದಲೇ ತಾವಾಗಿಯೇ ಕೂತಿರುತ್ತವೆ. ನೋಡಿದರೆ ಬರೀ ಊದಿದ ಮಂಡಿ, ಅಷ್ಟೆ. ‘ಉಳುಕಿರಬೇಕು ಬಿಡು’ ಎನ್ನುವಂತೆ ಕಾಣುತ್ತದೆ. ರಕ್ತನಾಳ ಒಳಗೆ ಹರಿದಿದ್ದರೂ ಮಂಡಿ ಅದನ್ನು ತೋರಿಸುವುದಿಲ್ಲ. ತೋರಿಸುವುದು ಪಾದ.

ಅಮೆರಿಕನ್ ಫುಟ್‌ಬಾಲ್‌ನ ಇಬ್ಬರು ಆಟಗಾರರ ಕಥೆ ನೋಡಿ. 2019ರ ಅಕ್ಟೋಬರ್‌ನಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ಗೆ ಆಟದ ನಡುವೆ ಮಂಡಿಚಿಪ್ಪು ಜಾರಿತು. ತಂಡದ ವೈದ್ಯಕೀಯ ಸಿಬ್ಬಂದಿ ಮೈದಾನದಲ್ಲೇ ಕೂರಿಸಿದರು. ಎರಡು ಪಂದ್ಯ ತಪ್ಪಿಸಿಕೊಂಡು ನವೆಂಬರ್‌ನಲ್ಲಿ ಮತ್ತೆ ಆಡಿದರು. 2016ರ ಆಗಸ್ಟ್‌ನಲ್ಲಿ ಟೆಡ್ಡಿ ಬ್ರಿಡ್ಜ್‌ವಾಟರ್‌ಗೆ ಅಭ್ಯಾಸದ ವೇಳೆ, ಯಾರೂ ಮೈಮೇಲೆ ಬೀಳದಿದ್ದರೂ, ಮಂಡಿ ಕೀಲೇ ತಪ್ಪಿತು. ಅವರು ಮತ್ತೆ ಪಂದ್ಯಕ್ಕೆ ಇಳಿದದ್ದು 2017ರ ಡಿಸೆಂಬರ್‌ನಲ್ಲಿ. ಎರಡಕ್ಕೂ ನಮ್ಮಲ್ಲಿ ಒಂದೇ ಹೆಸರು, ಅಲ್ವಾ?

ಮೊದಲ ಹತ್ತು ನಿಮಿಷ

ಬಿದ್ದವರನ್ನು ಎಬ್ಬಿಸಬೇಡಿ, ನಡೆಸಬೇಡಿ. ಸುತ್ತ ನಿಂತವರನ್ನು ಹಿಂದೆ ಸರಿಸಿ. ಗಡಿಯಾರ ನೋಡಿ, ಪೆಟ್ಟಾದ ಸಮಯವನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಡಾಕ್ಟರ್ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಈಗ ಪಾದ. ಶೂ, ಸಾಕ್ಸ್ ಮೆಲ್ಲಗೆ ಬಿಚ್ಚಿ. ಕಾಲುಂಗುರ, ಕಾಲ್ಗೆಜ್ಜೆ, ಕಟ್ಟಿಕೊಂಡ ದಾರ ಇದ್ದರೆ ಈಗಲೇ ತೆಗೆಯಿರಿ. ಊದಿದ ಮೇಲೆ ಅವು ಬರುವುದಿಲ್ಲ. ಆಮೇಲೆ ಎರಡೂ ಪಾದಗಳನ್ನು ಒಟ್ಟಿಗೆ ಮುಟ್ಟಿ. ಒಂದು ಬೆಚ್ಚಗೆ, ಇನ್ನೊಂದು ತಣ್ಣಗೆ ಇದೆಯೇ? ಬಣ್ಣ ಬೇರೆ ಇದೆಯೇ? ಕಪ್ಪು ಮೈಬಣ್ಣದವರಲ್ಲಿ ಅಂಗಾಲು ಮತ್ತು ಉಗುರು ನೋಡಿದರೆ ಗೊತ್ತಾಗುತ್ತದೆ. ಹೆಬ್ಬೆರಳ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು.

ನಾಡಿಯನ್ನು ಎರಡು ಕಡೆ ನೋಡಬಹುದು. ಪಾದದ ಮೇಲ್ಭಾಗದ ನಡುವೆ ಒಂದು. ಒಳಗಣ್ಣಿನ, ಅಂದರೆ ಕಣಕಾಲ ಒಳಮಗ್ಗುಲ ಗಂಟಿನ, ಹಿಂದೆ ಇನ್ನೊಂದು. ಎರಡು ಬೆರಳ ತುದಿಯನ್ನು ಹಗುರವಾಗಿ ಇಟ್ಟು ಕಾಯಿರಿ. ಇದು ಹಠಾತ್ತಾಗಿ ಬರುವ ವಿದ್ಯೆಯಲ್ಲ. ಇವತ್ತೇ ಮನೆಯವರ ಕಾಲಿನ ಮೇಲೆ ಒಮ್ಮೆ ಹುಡುಕಿ ನೋಡಿ. ಆರೋಗ್ಯವಾಗಿರುವವರಲ್ಲೂ ಕೆಲವರಿಗೆ ಪಾದದ ಮೇಲಿನ ನಾಡಿ ಸಿಗುವುದಿಲ್ಲ. ಹಾಗಾಗಿ ಒಂದೇ ಕಡೆ ನೋಡಿ ತೀರ್ಮಾನಿಸಬೇಡಿ, ಯಾವಾಗಲೂ ಎರಡೂ ಕಾಲನ್ನು ಹೋಲಿಸಿ.

ಕೊನೆಗೆ ನರ. ಪಾದವನ್ನು ಮೇಲಕ್ಕೆ, ಮೂಗಿನ ಕಡೆಗೆ ಎತ್ತಲು ಹೇಳಿ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಸವರಿ, ಗೊತ್ತಾಗುತ್ತಿದೆಯೇ ಎಂದು ಕೇಳಿ. ಪಾದ ಎತ್ತಲಾಗದಿದ್ದರೆ, ಅಲ್ಲಿ ಜೋಮು ಹಿಡಿದಂತಿದ್ದರೆ ಮಂಡಿಯ ಹೊರಮಗ್ಗುಲಲ್ಲಿ ಹಾದುಬರುವ ನರಕ್ಕೆ ಪೆಟ್ಟಾಗಿರಬಹುದು.

ಇವುಗಳಲ್ಲಿ ಒಂದು ಸರಿ ಇಲ್ಲದಿದ್ದರೂ ಅದು ತುರ್ತು. 108ರವರಿಗೆ ಸ್ಪಷ್ಟವಾಗಿ ಹೇಳಿ: ‘ಮಂಡಿಗೆ ಪೆಟ್ಟಾಗಿದೆ, ಪಾದ ತಣ್ಣಗಿದೆ.’ ಮೂಳೆ ಡಾಕ್ಟರ್ ಮತ್ತು ಸಿ.ಟಿ. ಸ್ಕ್ಯಾನ್ ಇರುವ, ರಕ್ತನಾಳದ ಆಪರೇಷನ್ ಮಾಡಬಲ್ಲ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯುವಂತೆ ಕೇಳಿ. ಪಾದ ಚೆನ್ನಾಗಿದ್ದರೂ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ನೋಡುತ್ತಿರಿ. ಮೊದಲು ಬೆಚ್ಚಗಿದ್ದ ಪಾದ ಆಮೇಲೆ ತಣ್ಣಗಾಗಬಹುದು.

ಕಾಲನ್ನು ಹೇಗಿದೆಯೋ ಹಾಗೆ ಕಟ್ಟಿ

ಮಡಚಿದ ಕಾಲನ್ನು ನೀವಾಗಿ ನೀಡಬೇಡಿ. ಅಡಿಗೆ ದಿಂಬು ಕೊಡಿ. ದಿಂಬಿಲ್ಲದಿದ್ದರೆ ಸುತ್ತಿದ ಕಂಬಳಿ ಸಾಕು. ಕಾಲು ನೇರವಾಗಿದ್ದರೆ ಎರಡೂ ಪಕ್ಕ ಅಡಿಕೆ ದಬ್ಬೆ, ಕೊಡೆ, ದಪ್ಪಗೆ ಮಡಚಿದ ಪತ್ರಿಕೆ, ಯಾವುದಾದರೂ ಇಟ್ಟು ಪಂಚೆ ಅಥವಾ ವೇಲ್‌ನಿಂದ ಕಟ್ಟಿ. ಕಟ್ಟು ತೊಡೆಗೆ ಮತ್ತು ಮೀನಖಂಡಕ್ಕೆ ಇರಲಿ, ಮಂಡಿಯ ಮೇಲೆ ಬೇಡ. ಕಟ್ಟಿನೊಳಗೆ ಒಂದು ಬೆರಳು ತೂರುವಷ್ಟು ಸಡಿಲ ಇರಬೇಕು. ಕಟ್ಟಿದ ಮೇಲೆ ಇನ್ನೊಮ್ಮೆ ಪಾದ ನೋಡಿ.

ಪಾದ ಬೆಚ್ಚಗಿದ್ದು ಜೋಮು ಇಲ್ಲದಿದ್ದರೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು. ಊಟ, ಕಾಫಿ, ಎಳನೀರು ಏನೂ ಬೇಡ. ಅರಿವಳಿಕೆ ಕೊಡಬೇಕಾಗಬಹುದು.

ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು, ಎಳೆದು ಕೂರಿಸುವುದು ಬೇಡವೇ ಬೇಡ. ನಾಟಿ ವೈದ್ಯರ ಮೇಲೆ ನಮ್ಮ ಹಳ್ಳಿಗಳಿಗೆ ನಂಬಿಕೆ ಇದೆ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಒಳಗೆ ಮೂಳೆ ಮುರಿದಿದೆಯೋ, ರಕ್ತನಾಳ ಹರಿದಿದೆಯೋ ಎಂಬುದು ಯಾವ ಕೈಗೂ ಹೊರಗಿನಿಂದ ಪೂರ್ತಿ ತಿಳಿಯುವುದಿಲ್ಲ. ಬಿಗಿಯಾಗಿ ಪಟ್ಟಿ ಕಟ್ಟಿ ಮನೆಗೆ ಕಳಿಸಿದರೆ ಆ 6 ಗಂಟೆ ಮನೆಯಲ್ಲೇ ಕಳೆದುಹೋಗುತ್ತದೆ.

ರಸ್ತೆ ಅಪಘಾತವಾದರೆ ಸಹಾಯ ಮಾಡಲು ಹೆದರಬೇಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ.

ಆಸ್ಪತ್ರೆಯಲ್ಲಿ

ಚಿಪ್ಪು ಜಾರಿದ್ದರೆ ನೋವಿನ ಔಷಧಿ ಕೊಟ್ಟು, ಮಂಡಿಯನ್ನು ನಿಧಾನವಾಗಿ ನೀಡುತ್ತಾ ಚಿಪ್ಪನ್ನು ಒಳಕ್ಕೆ ತಳ್ಳುತ್ತಾರೆ. ಆಮೇಲೆ ಎಕ್ಸ್‌-ರೇ. ಮೂಳೆಯ ಚೂರು ಕಿತ್ತುಬಂದಿರುವ ಅನುಮಾನ ಇದ್ದರೆ ಎಂ.ಆರ್.ಐ. ಕೆಲವು ವಾರ ಬ್ರೇಸ್, ಅಂದರೆ ಮಂಡಿಯನ್ನು ಅಲ್ಲಾಡದಂತೆ ಹಿಡಿದಿಡುವ ಕವಚ, ಜೊತೆಗೆ ಫಿಸಿಯೋಥೆರಪಿ. ಪದೇ ಪದೇ ಜಾರುತ್ತಿದ್ದರೆ ಚಿಪ್ಪನ್ನು ಒಳಮಗ್ಗುಲಲ್ಲಿ ಹಿಡಿದಿರುವ ಲಿಗಮೆಂಟನ್ನು ಆಪರೇಷನ್ ಮಾಡಿ ಹೊಸದಾಗಿ ಕಟ್ಟುತ್ತಾರೆ.

ಕೀಲೇ ತಪ್ಪಿದ್ದರೆ ಅರಿವಳಿಕೆ ಕೊಟ್ಟು ಬೇಗ ಕೂರಿಸುತ್ತಾರೆ. ಮೊದಲೂ ಆಮೇಲೂ ನಾಡಿ ನೋಡುತ್ತಾರೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸುತ್ತಾರೆ. ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳದ ಸಿ.ಟಿ. ಸ್ಕ್ಯಾನ್ ಆಗಬೇಕು. ಎಲ್ಲ ಸರಿ ಇದ್ದರೂ ಒಂದೆರಡು ದಿನ ಅಲ್ಲೇ ಇಟ್ಟುಕೊಳ್ಳುತ್ತಾರೆ. ‘ಮಂಡಿ ಕೂತಿತಲ್ಲ, ಮನೆಗೆ ಹೋಗೋಣ’ ಎಂದು ದಯವಿಟ್ಟು ಹಟ ಮಾಡಬೇಡಿ. ರಕ್ತನಾಳ ಹರಿದಿದ್ದರೆ ಮೊದಲು ಅದರ ಆಪರೇಷನ್. ಲಿಗಮೆಂಟುಗಳ ಸರದಿ ಸಾಮಾನ್ಯವಾಗಿ ಆಮೇಲೆ.

ಮನೆಗೆ ಬಂದ ಮೇಲೆ

ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಸದ್ಯಕ್ಕೆ ಬೇಡ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿ ಸಿಗುತ್ತದೆ, ತನ್ನಿ.

ಡಾಕ್ಟರ್ ಒಪ್ಪಿದ ಮೇಲೆ ಮಾಡುವ ಮೊದಲ ವ್ಯಾಯಾಮ ತುಂಬ ಸರಳ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿ. ತೊಡೆಯ ಮುಂಭಾಗ ಬಿಗಿಯಾಗುತ್ತದೆ. ಐದು ಎಣಿಸಿ ಬಿಡಿ. ಹತ್ತು ಸಲ. ಮಂಡಿಚಿಪ್ಪನ್ನು ಜಾಗದಲ್ಲಿ ಹಿಡಿದಿಡುವುದರಲ್ಲಿ ಈ ತೊಡೆಯ ಮಾಂಸಖಂಡದ ಪಾಲು ದೊಡ್ಡದು. ಪೆಟ್ಟಾದ ಎರಡೇ ವಾರಕ್ಕೆ ಅದು ಸೊರಗಿರುವುದು ಕಣ್ಣಿಗೆ ಕಾಣುತ್ತದೆ. ಚಿಪ್ಪು ಜಾರಿದವರು ಆಟಕ್ಕೆ ಮರಳಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬೇಕು. ಕೀಲು ತಪ್ಪಿದವರಿಗೆ ಒಂದು ವರ್ಷವೂ ಹಿಡಿಯಬಹುದು.

ಬ್ರೇಸ್ ಅಥವಾ ಪಟ್ಟಿ ಹಾಕಿದ ಮೊದಲ ದಿನಗಳಲ್ಲಿ ಪಾದದ ಮೇಲೆ ಕಣ್ಣಿರಲಿ. ಮಾತ್ರೆಗೂ ಬಗ್ಗದ ನೋವು, ಕಲ್ಲಿನಂತೆ ಗಟ್ಟಿಯಾದ ಮೀನಖಂಡ, ಬೆರಳು ಅಲ್ಲಾಡಿಸಿದರೆ ಪ್ರಾಣ ಹೋಗುವಂಥ ನೋವು, ತಣ್ಣಗಾದ ಪಾದ: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ವಾಪಸ್ ಹೊರಡಿ.