ಕೈನಡುಕಕ್ಕೆ ಪ್ಯಾಸಿಟೇನ್: ಮನೆಯವರು ನೋಡಿಕೊಳ್ಳುವುದು ಹೇಗೆ?

ಅಪ್ಪ ಟಿವಿ ಮುಂದೆ ಸುಮ್ನೆ ಕೂತಿರುತ್ತಾರೆ. ತೊಡೆ ಮೇಲಿನ ಕೈ ಮಾತ್ರ ಹೂಬತ್ತಿ ಹೊಸೆಯುತ್ತಲೇ ಇರುತ್ತದೆ. ಪಾರ್ಕಿನ್ಸನ್ಸ್‌ನ ಈ ನಡುಕಕ್ಕೆ ಕೊಡುವ ಹಳೆಯ ಮಾತ್ರೆಗಳಲ್ಲಿ ಒಂದು ಟ್ರೈಹೆಕ್ಸಿಫೆನಿಡಿಲ್. ಅಂಗಡಿಯಲ್ಲಿ ಪ್ಯಾಸಿಟೇನ್ ಅಂದರೆ ಬೇಗ ಗೊತ್ತಾಗುತ್ತದೆ. ಮಿದುಳಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದರ ಕೈ ಮೇಲಾಗುತ್ತದೆ. ಈ ಮಾತ್ರೆ ಅದನ್ನು ತಡೆಯುತ್ತದೆ. ನಡುಕ ತಗ್ಗುತ್ತದೆ, ಆದರೆ ನಡಿಗೆ ನಿಧಾನವಾಗಿದ್ದರೆ ಅಷ್ಟೇನೂ ಉಪಯೋಗವಿಲ್ಲ. ಅದಕ್ಕೆ ಡೋಪಮಿನ್ ಕೊರತೆ ತುಂಬುವ ಲೆವೊಡೋಪಾ ಮಾತ್ರೆನೇ ಬೇಕು.

ಮೊದಲು, ಚೀಟಿ ಬರೆಸುವಾಗಲೇ ಮೂರು ವಿಷಯ ಹೇಳಿ: ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದೆಯೇ, ಪ್ರಾಸ್ಟೇಟ್ ತೊಂದರೆ ಇದೆಯೇ, ಮರೆವು ಶುರುವಾಗಿದೆಯೇ. ವಯಸ್ಸಾದವರಿಗೆ ಇದನ್ನು ಬರೆಯಲು ಡಾಕ್ಟರು ಹಿಂದೇಟು ಹಾಕುವುದು ಇದಕ್ಕೇ.

ಆಮೇಲೆ ಡೋಸ್. ಸಾಮಾನ್ಯವಾಗಿ ದಿನಕ್ಕೆ 1 ಮಿಲಿಗ್ರಾಂನಿಂದ, ಅಂದರೆ 2 ಮಿಲಿಗ್ರಾಂ ಮಾತ್ರೆಯ ಅರ್ಧದಿಂದ ಶುರು. ಕೆಲವು ದಿನಕ್ಕೊಮ್ಮೆ ಸ್ವಲ್ಪ ಏರಿಸುತ್ತಾರೆ. ನಡುಕ ನಿಂತಿಲ್ಲ ಅಂತ ನೀವೇ ಏರಿಸಬೇಡಿ.

ಮೊದಲ ವಾರಗಳಲ್ಲಿ ಗಮನವೆಲ್ಲ ಬಾಯಿ, ಹೊಟ್ಟೆ, ಮೂತ್ರದ ಮೇಲೆ. ಬಾಯಿ ಎಷ್ಟು ಒಣಗುತ್ತದೆ ಅಂದರೆ ಒಗ್ಗರಣೆ ಅವಲಕ್ಕಿ ಮರಳು ಜಗಿದ ಹಾಗಾಗುತ್ತದೆ. ಪಕ್ಕದಲ್ಲಿ ನೀರಿನ ಲೋಟ ಇಡಿ, ಊಟ ಮೆತ್ತಗಿರಲಿ. ಮಲಬದ್ಧತೆಗೆ ಸೊಪ್ಪು, ಹಣ್ಣು. ಮೂತ್ರ ಕಟ್ಟಿತು ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬೆವರೂ ಕಡಿಮೆಯಾಗುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಬಿಡಬೇಡಿ.

ನನಗೆ ಜಾಸ್ತಿ ಭಯ ತಲೆಯದ್ದು. ದತ್ತೂರಿ ಬೀಜ ತಿಂದವರಿಗೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಇಲ್ಲದ್ದೆಲ್ಲ ಕಾಣುತ್ತದೆ ಅಲ್ವಾ? ಅದರ ವಿಷ ತಡೆಯುವುದೂ ಇದೇ ಅಸಿಟೈಲ್‌ಕೋಲಿನನ್ನು. ಸಂಜೆ ಹೊತ್ತು ಅಪ್ಪ ಮೂಲೆ ನೋಡಿ 'ಯಾರೋ ಬಂದರು, ಚಾಪೆ ಹಾಕು' ಅಂದರೆ ಅರಳುಮರಳು ಅಂತ ನಗಬೇಡಿ. ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ.

ಹಾಗಂತ ಮಾತ್ರೆಯನ್ನು ನೀವಾಗಿಯೇ ಪಟ್ಟಂತ ನಿಲ್ಲಿಸಲೂಬಾರದು, ನಡುಕ, ಬಿಗಿತ ಇನ್ನೂ ಜೋರಾಗಬಹುದು. ಡಾಕ್ಟರೇ ಹಂತಹಂತವಾಗಿ ಇಳಿಸುತ್ತಾರೆ.

ಇನ್ನೊಂದು. ನೆಗಡಿಗೆ ಕೊಡುವ ಕೆಲವು ಮಾತ್ರೆ, ಹೊಟ್ಟೆನೋವಿನ ಡೈಸೈಕ್ಲೋಮಿನ್ ಕೂಡ ಇದೇ ಜಾತಿಯ ಕೆಲಸ ಮಾಡುತ್ತವೆ. ಎರಡೂ ಸೇರಿದರೆ ಒಣಗುವುದು, ಮಂಕಾಗುವುದು ದುಪ್ಪಟ್ಟು. ಮೆಡಿಕಲ್ ಶಾಪಿಗೆ ಹೋಗುವಾಗ ಈ ಸ್ಟ್ರಿಪ್ ಜೇಬಲ್ಲಿರಲಿ, ತೋರಿಸಿಯೇ ಬೇರೆ ಮಾತ್ರೆ ಕೇಳಿ.