ಶಾಲೆಯ ಕೆಲಸಕ್ಕೆ ಕುಂದಾಗದಂತೆ ಶಿಕ್ಷಕಿಯರು ಉಪವೃತ್ತಿ ಆರಂಭಿಸುವ ಬಗೆ

ಪೂರ್ಣಾವಧಿ ಕೆಲಸದಲ್ಲಿರುವ ಶಿಕ್ಷಕಿ ಸ್ವಂತ ಉದ್ಯಮಕ್ಕೆ ಕೈಹಾಕುವ ಮೊದಲು ತಮ್ಮ ನೇಮಕಾತಿ ಆದೇಶವನ್ನೂ ಸೇವಾ ನಿಯಮಗಳನ್ನೂ ಓದಬೇಕು. ಸರ್ಕಾರಿ ಸೇವೆಯಲ್ಲಿ ಖಾಸಗಿ ವ್ಯಾಪಾರಕ್ಕೆ ನಿರ್ಬಂಧವಿರುವುದು ಅಥವಾ ಪೂರ್ವಾನುಮತಿ ಬೇಕಾಗುವುದು ಸಾಮಾನ್ಯ. ಖಾಸಗಿ ಶಾಲೆಗಳ ಒಪ್ಪಂದಗಳಲ್ಲೂ ಇಂಥ ಷರತ್ತುಗಳಿರುತ್ತವೆ. ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ಪತಿಯ ಹೆಸರಿನಲ್ಲಿ ನಡೆಸಿದರಾಯಿತು ಎಂಬ ಸಲಹೆ ಬಂದರೆ ಒಪ್ಪಬೇಡಿ, ಏಕೆಂದರೆ ದುಡಿಮೆ ನಿಮ್ಮದೇ ಆಗಿರುವಾಗ ಹೆಸರು ಬದಲಿಸಿದ ಮಾತ್ರಕ್ಕೆ ನಿಯಮದ ಹೊಣೆ ತಪ್ಪುವುದಿಲ್ಲ, ಗಳಿಕೆಯ ಮೇಲಿನ ನಿಮ್ಮ ಹಕ್ಕು ಮಾತ್ರ ಸಡಿಲವಾಗುತ್ತದೆ.

ಬಂಡವಾಳಕ್ಕಿಂತ ಮೊದಲು ಲೆಕ್ಕ ಹಾಕಬೇಕಾದದ್ದು ಸಮಯವನ್ನು. ಎರಡು ವಾರ ದಿನಚರಿ ಬರೆದಿಡಿ. ಪಾಠದ ತಯಾರಿ, ಉತ್ತರ ಪತ್ರಿಕೆಗಳ ತಿದ್ದುವಿಕೆ, ಪೋಷಕರ ಕರೆಗಳು, ಮನೆಗೆಲಸ ಎಲ್ಲವೂ ಅದರಲ್ಲಿರಲಿ. ನಿದ್ದೆಯನ್ನು ಮುಟ್ಟದೆ ವಾರಕ್ಕೆ ಐದಾರು ಗಂಟೆ ಮಾತ್ರ ಉಳಿಯುತ್ತದೆ ಎಂದಾದರೆ, ಅಷ್ಟರಲ್ಲಿ ಮುಗಿಯುವ ಕೆಲಸವನ್ನೇ ಆರಿಸಿಕೊಳ್ಳಬೇಕು. ಮನೆಯವರು ಯಾವ ಕೆಲಸಗಳನ್ನು ವಹಿಸಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ಮಾತಾಡಿ ತೀರ್ಮಾನಿಸಿ. ಹೆಚ್ಚಿನ ಶಿಕ್ಷಕಿಯರು ಸೋಲುವುದು ಗ್ರಾಹಕರ ಕೊರತೆಯಿಂದಲ್ಲ, ಈ ಮಾತುಕತೆ ನಡೆಯದಿರುವುದರಿಂದ ಎಂದು ನಾನು ನಂಬಿದ್ದೇನೆ.

ಪರೀಕ್ಷೆ ಮತ್ತು ಮೌಲ್ಯಮಾಪನದ ವಾರಗಳಲ್ಲಿ ನಿಲ್ಲಿಸಲು ಬರುವಂಥ ಉದ್ಯಮ ಒಳ್ಳೆಯದು. ದಿನ ಗೊತ್ತುಮಾಡಿ ಒಪ್ಪಿಸಬೇಕಾದ ಹೊಲಿಗೆಯಂಥ ಕೆಲಸವನ್ನು ರಜೆಯ ತಿಂಗಳುಗಳಿಗೆ ಸೀಮಿತಗೊಳಿಸಬಹುದು. ಒಮ್ಮೆ ಸಿದ್ಧಪಡಿಸಿ ಹಲವು ಬಾರಿ ಮಾರಬಹುದಾದ ಅಭ್ಯಾಸ ಹಾಳೆಗಳಿಗೆ ಈ ತೊಡಕಿಲ್ಲ. ನ್ಯೂಯಾರ್ಕ್‌ನ ಶಿಕ್ಷಕ ಪಾಲ್ ಎಡೆಲ್‌ಮನ್ 2006ರಲ್ಲಿ ಆರಂಭಿಸಿದ ಟೀಚರ್ಸ್ ಪೇ ಟೀಚರ್ಸ್ ತಾಣ ನಿಂತಿರುವುದು ಇಂಥ ಮಾರಾಟದ ಮೇಲೆಯೇ. ಆದರೆ ಉದ್ಯೋಗದ ಭಾಗವಾಗಿ ತಯಾರಿಸಿದ ಸಾಮಗ್ರಿಯ ಹಕ್ಕು ಹಲವು ದೇಶಗಳ ಕಾನೂನಿನಲ್ಲಿ ಉದ್ಯೋಗದಾತರಿಗೆ ಸೇರುವುದರಿಂದ, ಮಾರುವ ಹಾಳೆಗಳನ್ನು ಸ್ವಂತ ಸಮಯದಲ್ಲಿ, ಸ್ವಂತ ಕಂಪ್ಯೂಟರಿನಲ್ಲಿ ಹೊಸದಾಗಿ ರೂಪಿಸಿ, ಶಾಲೆಯ ನಿಯಮವನ್ನೂ ಕೇಳಿ ತಿಳಿದುಕೊಳ್ಳಿ.

ಬೆಲೆ ಕಟ್ಟುವಾಗ ನಿಮ್ಮ ದುಡಿಮೆಯನ್ನು ಬಿಟ್ಟಿ ಎಂದು ಎಣಿಸಬೇಡಿ. ಒಂದು ವಸ್ತುವನ್ನು 100ಕ್ಕೆ ಮಾರಿ, ಅದರಲ್ಲಿ 60 ಸಾಮಗ್ರಿಗೆ ಹೋಗಿ, ತಯಾರಿಕೆಗೆ 3 ಗಂಟೆ, ಸಂದೇಶಗಳಿಗೆ ಮತ್ತು ಪ್ಯಾಕಿಂಗಿಗೆ 1 ಗಂಟೆ ಹಿಡಿದರೆ, ನಿಮ್ಮ ಗಂಟೆಗೆ ಸಿಕ್ಕಿದ್ದು 10 ಮಾತ್ರ. ಆ ಮೊತ್ತ ಸಾಲದು ಎನಿಸಿದರೆ ಬೆಲೆ ಏರಿಸಿ ಅಥವಾ ಆ ವಸ್ತುವನ್ನು ಕೈಬಿಡಿ. ಹಣಕ್ಕೆ ನಿಮ್ಮ ಹೆಸರಿನಲ್ಲೇ ಬೇರೆ ಬ್ಯಾಂಕ್ ಖಾತೆ ಇರಲಿ, ಸಂಬಳದ ಜೊತೆಗೆ ಈ ಆದಾಯವನ್ನೂ ತೆರಿಗೆ ವಿವರದಲ್ಲಿ ತೋರಿಸಿ.

ನಿಮ್ಮ ತರಗತಿಯ ಮಕ್ಕಳ ಪೋಷಕರಿಗೆ ಏನನ್ನೂ ಮಾರಬೇಡಿ, ನಿಮ್ಮ ವಿದ್ಯಾರ್ಥಿಗಳಿಗೆ ಹಣ ಪಡೆದು ಮನೆಪಾಠವನ್ನೂ ಹೇಳಬೇಡಿ. ಮಗುವಿನ ಅಂಕಗಳು ನಿಮ್ಮ ಕೈಯಲ್ಲಿರುವಾಗ ಪೋಷಕರು ಬೇಡವೆನ್ನಲು ಹಿಂಜರಿಯುತ್ತಾರೆ, ಆ ಹಿಂಜರಿಕೆಯಿಂದ ಬಂದ ಹಣ ನ್ಯಾಯದ್ದಲ್ಲ. ವ್ಯಾಪಾರಕ್ಕೆ ಬೇರೆ ದೂರವಾಣಿ ಸಂಖ್ಯೆ ಇಟ್ಟುಕೊಂಡು, ಶಾಲೆಯ ಅವಧಿಯಲ್ಲಿ ಅದನ್ನು ಬಂದ್ ಮಾಡಿಡಿ. ಪರೀಕ್ಷೆಗೆ ಮೂರು ವಾರ ಮೊದಲೇ, ಹೊಸ ಆರ್ಡರ್‌ಗಳನ್ನು ಮತ್ತೆ ಯಾವ ದಿನಾಂಕದಿಂದ ಸ್ವೀಕರಿಸುತ್ತೀರಿ ಎಂಬುದನ್ನು ಗ್ರಾಹಕರಿಗೆ ತಿಳಿಸಿ.