ಒಂಬತ್ತು ಟೇಬಲ್, ಎರಡು ಲೈನ್: ನಮ್ಮ ಆಫೀಸಿಗೆ ಫೋನ್ ವ್ಯವಸ್ಥೆ ಆರಿಸಿದ ಅನುಭವ

ಹುಬ್ಬಳ್ಳಿಯ ನಮ್ಮ ಟ್ಯಾಕ್ಸ್ ಆಫೀಸಿನಲ್ಲಿ ಒಂಬತ್ತು ಜನ, ಎರಡು ಲ್ಯಾಂಡ್‌ಲೈನ್. ಮೇ ತಿಂಗಳ ಸಿಡಿಲಿಗೆ ಹಳೆಯ ಇಪಿಎಬಿಎಕ್ಸ್ (ಹೊರಗಿನ ಲೈನ್‌ಗಳನ್ನು ಆಫೀಸಿನ ಫೋನ್‌ಗಳಿಗೆ ಹಂಚುವ ಪೆಟ್ಟಿಗೆ) ಸುಟ್ಟುಹೋಯಿತು. ಆ ಬೋರ್ಡು ಈಗ ಸಿಗುವುದಿಲ್ಲ ಎಂದರು ರಿಪೇರಿಯವರು. ಜೂನ್ ದಾಟಿದರೆ ರಿಟರ್ನ್ ಕೇಳುವವರ ಕರೆಗಳು ಶುರು. ಕಂಪ್ಯೂಟರ್ ನೋಡಿಕೊಳ್ಳುವ ನನ್ನ ಹೆಗಲಿಗೇ ಇದೂ ಬಿತ್ತು.

ಮೊದಲು ಕೈ ಹಾಕಿದ್ದು ಬರೀ ಆಸ್ಟರಿಸ್ಕ್‌ಗೆ. ತನ್ನ ಸಣ್ಣ ಕಂಪನಿಗೆ ಫೋನ್ ವ್ಯವಸ್ಥೆ ಕೊಳ್ಳುವಷ್ಟು ಹಣವಿಲ್ಲದೆ ಮಾರ್ಕ್ ಸ್ಪೆನ್ಸರ್ 1999ರಲ್ಲಿ, ಆ ಪೆಟ್ಟಿಗೆಯ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡಲು ತಾನೇ ಬರೆದ ಸಾಫ್ಟ್‌ವೇರ್ ಅದು. ಎರಡು ದಿನ ಕೂತು ಡಯಲ್‌ಪ್ಲಾನ್ (ಯಾವ ಕರೆ ಎಲ್ಲಿಗೆ ಹೋಗಬೇಕೆಂಬ ನಿಯಮಗಳ ಫೈಲ್) ಬರೆದೆ, ಕರೆಗಳೂ ಬಂದವು. ಆದರೆ ನಾನು ಊರಿಗೆ ಹೋದಾಗ ಒಂದು ಇಂಟರ್‌ಕಾಮ್ ನಂಬರ್ ಬದಲಿಸಬೇಕೆಂದರೆ ಯಾರು ಆ ಫೈಲ್ ತೆರೆಯಬೇಕು? ಈ ಪ್ರಶ್ನೆಯೇ ಆಯ್ಕೆಯನ್ನು ನಿರ್ಧರಿಸಿತು. ಫ್ರೀಸ್ವಿಚ್ ಎಂಬ ಇನ್ನೊಂದು ಫೋನ್ ಸಾಫ್ಟ್‌ವೇರ್ ಮೇಲೆ ಕೂರುವ ಫ್ಯೂಶನ್‌ಪಿಬಿಎಕ್ಸ್ ಕೂಡ ನೋಡಿದೆ. ಹಲವು ಕಂಪನಿಗಳನ್ನು ಒಂದೇ ಸರ್ವರ್‌ನಲ್ಲಿ ನಡೆಸುವವರಿಗೆ ಅದು ಒಳ್ಳೆಯದು, ನಮಗೆ ಭಾರ. ಕೊನೆಗೆ ಒಪ್ಪಿದ್ದು ಆಸ್ಟರಿಸ್ಕ್ ಮೇಲೆಯೇ ನಡೆಯುವ ಫ್ರೀಪಿಬಿಎಕ್ಸ್. ಬ್ರೌಸರ್‌ನಲ್ಲೇ ಎಲ್ಲ ಬದಲಿಸಬಹುದು.

ಅದರ ಆವೃತ್ತಿ 17 ಅನ್ನು ಡೆಬಿಯನ್ 12 ಎಂಬ ಲಿನಕ್ಸ್ ಮೇಲೆ ಹಾಕಿದೆ. ಹಳೆಯ ಪಾಠಗಳೆಲ್ಲ ಸೆಂಟ್‌ಓಎಸ್ 7 ಎಂಬ ಇನ್ನೊಂದು ಲಿನಕ್ಸ್ ಇಟ್ಟುಕೊಂಡು ಬರೆದವು, ಅದರ ಬೆಂಬಲ 2024ರ ಜೂನ್‌ಗೇ ಮುಗಿದಿದೆ. ಐಪಿ ಫೋನ್‌ಗಳನ್ನು (ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಫೋನ್) ಕೂಡಿಸಲು ಅವುಗಳಲ್ಲಿ ಬರುವ ಚಾನ್‌_ಸಿಪ್ ಎಂಬ ಭಾಗವನ್ನೂ ಆಸ್ಟರಿಸ್ಕ್ 21ರಿಂದ ತೆಗೆದಿದ್ದಾರೆ. ಅದರ ಜಾಗಕ್ಕೆ ಬಂದ ಪಿಜೆಸಿಪ್‌ನಲ್ಲೇ ಶುರು ಮಾಡಿ.

ಲ್ಯಾಂಡ್‌ಲೈನನ್ನು ಸರ್ವರ್‌ಗೆ ಕೂಡಿಸಲು ಎಫ್‌ಎಕ್ಸ್‌ಓ ಗೇಟ್‌ವೇ ಎಂಬ ಸಣ್ಣ ಪೆಟ್ಟಿಗೆ ತಂದೆ. ನನ್ನನ್ನು ಹೆಚ್ಚು ದಣಿಸಿದ್ದು ಇದೇ. ಮೂರನೇ ದಿನ ರಿಸೆಪ್ಷನ್‌ನ ಅಕ್ಕಾವ್ರು ಬಂದು, "ಸರ, ಯಾರೂ ಮಾತಾಡಾಕತ್ತಿಲ್ಲ, ಆದ್ರೂ ಎರಡೂ ಲೈನ್ ಬಿಜಿ ತೋರಿಸ್ತಾವ್ರಿ" ಅಂದರು. ಗೇಟ್‌ವೇ ರೀಸ್ಟಾರ್ಟ್ ಮಾಡಿದರೆ ಸರಿ, ಎರಡು ಗಂಟೆ ಕಳೆದರೆ ಮತ್ತೆ ಅದೇ ಪಾಡು. ಸರ್ವರ್ ಲಾಗ್‌ಗಳನ್ನು ಎರಡು ರಾತ್ರಿ ಜಾಲಾಡಿದೆ. ತಪ್ಪು ಅಲ್ಲಿರಲಿಲ್ಲ. ನಮ್ಮ ಲೈನ್‌ನಲ್ಲಿ ಆಚೆಯವರು ಫೋನ್ ಇಟ್ಟಾಗ ಎಕ್ಸ್‌ಚೇಂಜ್ ಬಿಜಿ ಟೋನ್ ಕೇಳಿಸುತ್ತದೆ, ಅಷ್ಟೇ. ಅದನ್ನು ಗುರುತಿಸಿ ಗೇಟ್‌ವೇಯೇ ಲೈನ್ ಬಿಡಬೇಕು. ನಮ್ಮ ಗೇಟ್‌ವೇ ಅಮೆರಿಕದ ಟೋನ್‌ಗಾಗಿ ಕಾಯುತ್ತಿತ್ತು: 480 ಮತ್ತು 620 ಹರ್ಟ್ಸ್ ಒಟ್ಟಿಗೆ, ಅರ್ಧ ಸೆಕೆಂಡಿನ ಲಯ. ಭಾರತದ್ದು 400 ಹರ್ಟ್ಸ್, 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ಆ ಅಂಕಿಗಳನ್ನು ತುಂಬಿದ ಮೇಲೆ ಲೈನ್ ಸಿಕ್ಕಿಕೊಂಡಿಲ್ಲ. ಕರೆ ಮಾಡಿದವರ ನಂಬರ್ ಬಾರದಿದ್ದರೂ ಗೇಟ್‌ವೇಯಲ್ಲೇ ಹುಡುಕಿ. ನಮ್ಮದು, ನಂಬರ್ ಓದುವ ವಿಧಾನವನ್ನು ಎಫ್‌ಎಸ್‌ಕೆಯಿಂದ ಡಿಟಿಎಂಎಫ್‌ಗೆ (ಫೋನಿನ ಬಟನ್ ಒತ್ತಿದಾಗ ಕೇಳುವಂಥ ಟೋನ್) ಬದಲಿಸಿದಾಗ ಬಂತು.

ಸರ್ವರನ್ನು ಇಂಟರ್‌ನೆಟ್‌ಗೆ ತೆರೆದಿಲ್ಲ. ಇಂಥ ಫೋನ್ ಕರೆಗಳು ಬಳಸುವ 5060 ಪೋರ್ಟ್ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವವರು ಬಲು ಬೇಗ ಬಂದು ಬಡಿಯುತ್ತಾರೆ, ಒಳಗೆ ಹೊಕ್ಕರೆ ಕರೆ ಅವರದು, ಬಿಲ್ ನಮ್ಮ ತಲೆಗೆ. ಎರಡೂ ಲೈನ್‌ಗೆ ಐಎಸ್‌ಡಿ ಮುಚ್ಚಿಸಿ, ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆ. ಕರೆಂಟ್ ಹೋಗಿ ಯುಪಿಎಸ್ ಕೂಡ ಬತ್ತಿದರೆ ಐಪಿ ಫೋನ್‌ಗಳು ಸತ್ತಂತೆ. ಅದಕ್ಕೇ ಎರಡನೇ ಲೈನಿಗೆ ಒಂದು ಹಳೆಯ ಫೋನನ್ನು ಪ್ಯಾರಲಲ್ ಕೊಟ್ಟು ರಿಸೆಪ್ಷನ್ ಮೇಜಿನ ಮೇಲಿಟ್ಟಿದ್ದೇನೆ.

ದಸರಾ ರಜೆಯಲ್ಲಿ ಬ್ಯಾಕಪ್ಪನ್ನು ಬೇರೆ ಡೆಸ್ಕ್‌ಟಾಪ್‌ಗೆ ಇಳಿಸಿ ನೋಡಿದೆ. ಊಟದ ಹೊತ್ತಿಗೆ ಒಂಬತ್ತೂ ನಂಬರ್ ಅದರಲ್ಲಿ ರಿಂಗಾದವು. ಆ ಡೆಸ್ಕ್‌ಟಾಪ್ ಈಗ ಸರ್ವರ್ ಪಕ್ಕದಲ್ಲೇ ಕೂತಿದೆ.